ಡಾಲರು ಕೊಳ್ಳುವಾಗಲೂ ಔಟ್‌ಟರ್ನ್ ನೋಡಬೇಕು

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹದಕ್ಕೆ ಬಂದ ಮೇಲೆ ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಊರು ಬಿಟ್ಟು ಹೊರಡುವುದುಂಟು. ಹಿಂದೆಲ್ಲ ಕಾಶಿ, ರಾಮೇಶ್ವರ. ಈಗ ಮಗಳ ಬಾಣಂತನಕ್ಕೆಂದು ಅಮೆರಿಕ, ಮಗನ ಮನೆಗೆಂದು ದುಬೈ. ಟಿಕೇಟಿನಲ್ಲಿ ಐನೂರು ರೂಪಾಯಿ ಉಳಿಸಲು ನಾಲ್ಕು ಕಡೆ ವಿಚಾರಿಸುವ ನಾವು, ಡಾಲರು ಕೊಳ್ಳುವ ಹೊತ್ತಿಗೆ ಮಾತ್ರ ಎದುರಿನವನು ಹೇಳಿದ ದರಕ್ಕೆ ತಲೆಯಾಡಿಸಿ ಬರುತ್ತೇವೆ. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಚೆರ್ರಿ ಹಾಗೆ ಕೊಟ್ಟೇವೆಯೇ?

ಇದಕ್ಕೊಂದು ಹಳೆಯ ಕಾರಣವಿದ್ದೀತು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದಾಗ 4.76 ರೂಪಾಯಿಯ ಡಾಲರು 7.50 ಆಯಿತು. ಆ ಕಾಲದಲ್ಲೂ, 1973ರ ವಿದೇಶೀ ವಿನಿಮಯ ನಿಯಂತ್ರಣ ಕಾನೂನಿನ ಕಾಲದಲ್ಲೂ ಡಾಲರು ಸಿಗುವುದೇ ಪುಣ್ಯವಾಗಿತ್ತು, ದರ ಕೇಳುವವರಾರು? 2000ದ ಜೂನ್‌ನಲ್ಲಿ ಆ ಕಾನೂನು ಹೋಗಿ ಫೆಮಾ ಬಂತು. 2004ರಲ್ಲಿ ವರ್ಷಕ್ಕೆ ತಲಾ 25,000 ಡಾಲರಿನ ಸವಲತ್ತು ಸಿಕ್ಕಿತು, ಈಗ ಅದು 2,50,000. ನಮ್ಮಂಥ ಸಣ್ಣ ಹಿಡುವಳಿದಾರರು ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಕೊಡುತ್ತಾರೋ ಇಲ್ಲವೋ ಎಂಬ ಚಿಂತೆ ಹೋಗಿ, ಎಷ್ಟಕ್ಕೆ ಕೊಡುತ್ತಾರೆ ಎಂಬುದಷ್ಟೇ ಈಗ ಉಳಿದಿದೆ.

ವಿಯೆಟ್ನಾಮಿನ ಡಾಕ್ ಲಾಕ್ ಸೀಮೆಯ ರೊಬಸ್ಟಾ ತೋಟಗಳನ್ನು ನೋಡಲೆಂದು ನಾವು ಕೆಲವರು ಕೂಡಿ ಹೋಗಿದ್ದೆವು. ಹೊರಡುವ ಮೊದಲು ಪೇಟೆಯ ಮೂರು ಕಡೆ ದರ ಕೇಳಿ ಡಾಲರು ಕೊಂಡೆವು. ನಮ್ಮಲ್ಲೊಬ್ಬರಿಗೆ ಅಡಿಕೆ ಒಣಗಿಸುವ ಗಡಿಬಿಡಿ. ‘ವಿಮಾನ ನಿಲ್ದಾಣದಲ್ಲಿ ತಕ್ಕೊಂಡರಾಯಿತು’ ಎಂದರು. ಅಲ್ಲಿ 600 ಡಾಲರು ಕೊಂಡರು. ಡಾಲರಿಗೆ ನಾವು ಕೊಟ್ಟದ್ದಕ್ಕಿಂತ ನಾಲ್ಕೂವರೆ ರೂಪಾಯಿ ಹೆಚ್ಚು, ಅಂದರೆ 2,700 ರೂಪಾಯಿ. ಹೆಂಡತಿ ಕಾಳುಮೆಣಸು ಮಾರಿ ಕೂಡಿಟ್ಟ ಹಣ ಅದು. ವಿಮಾನದಲ್ಲಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅಂಗಡಿಯ ಫಲಕದಲ್ಲಿ ‘ಕಮಿಷನ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತಂತೆ! ದಲ್ಲಾಳಿ ಬೇಡ, ತೂಕದಲ್ಲಿ ಕಳೆಯುವುದಿಲ್ಲ ಎಂದು ಹೇಳಿ ದರದಲ್ಲೇ ಕತ್ತರಿಸುವವರನ್ನು ನಾವು ಕಂಡವರಲ್ಲವೇ.

ಲೆಕ್ಕ ಹೀಗೆ. ಎಫ್.ಬಿ.ಐ.ಎಲ್. ಸಂಸ್ಥೆ ಬ್ಯಾಂಕಿನ ಕೆಲಸದ ದಿನಗಳಲ್ಲೆಲ್ಲ ಡಾಲರಿನ ಉಲ್ಲೇಖ ದರವನ್ನು ಪ್ರಕಟಿಸುತ್ತದೆ. ಲಂಡನ್ನಿನ ರೊಬಸ್ಟಾ ದರ ನಮ್ಮ ಕಣದಲ್ಲಿ ಸಿಗದಂತೆ ಈ ದರವೂ ಯಾವ ಕೌಂಟರಿನಲ್ಲೂ ಸಿಗದು. ಆದರೆ ಅದರಿಂದ ಎಷ್ಟು ದೂರ ಎಂಬುದು ತಿಳಿಯುತ್ತದೆ. ಸುಲಭಕ್ಕೆ ಉಲ್ಲೇಖ ದರ 90 ಎಂದಿಟ್ಟುಕೊಳ್ಳೋಣ. ಒಬ್ಬನು 91ಕ್ಕೆ ಮಾರಿದರೆ 1,000 ಡಾಲರಿಗೆ 91,000. ಇದರ ಮೇಲೆ ಜಿ.ಎಸ್.ಟಿ. ಇದೆ. ಒಂದು ಲಕ್ಷದವರೆಗಿನ ವಹಿವಾಟಿನಲ್ಲಿ ಮೊತ್ತದ ಶೇಕಡಾ 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯವೆಂದು ಹಿಡಿದು, ಅದರ ಮೇಲೆ ಶೇಕಡಾ 18. ಇಲ್ಲಿ 910 ರೂಪಾಯಿಗೆ 163 ರೂಪಾಯಿ 80 ಪೈಸೆ. ತೆರಿಗೆ ಇಷ್ಟೇ. ‘ಟ್ಯಾಕ್ಸ್ ಜಾಸ್ತಿ ಸ್ವಾಮಿ’ ಎಂದು ಸಾವಿರಗಟ್ಟಲೆ ಹೇಳುವವರಿದ್ದರೆ ಬಿಲ್ಲು ಬಿಡಿಸಿ ತೋರಿಸಲು ಹೇಳಬೇಕು. ಆದ್ದರಿಂದ ‘ದರವೆಷ್ಟು’ ಎಂದು ಕೇಳುವುದಕ್ಕಿಂತ ‘ಎಲ್ಲಾ ಸೇರಿ ಎಷ್ಟು ಕೊಟ್ಟರೆ 1,000 ಡಾಲರು ಕೈಗೆ ಬರುತ್ತದೆ’ ಎಂದು ಕೇಳುವುದು ಮೇಲು. ಚೆರ್ರಿ ಮೂಟೆಯ ಔಟ್‌ಟರ್ನ್ ನೋಡುವ ಕ್ರಮವೇ ಇದು.

ಪಾಸ್‌ಪೋರ್ಟು, ಟಿಕೇಟು, ಪ್ಯಾನ್ ಕಾರ್ಡು ಒಯ್ಯಬೇಕು. 50,000 ರೂಪಾಯಿ ಮೀರಿದರೆ ನಗದು ಕೊಡುವಂತಿಲ್ಲ, ಚೆಕ್ಕು ಅಥವಾ ಖಾತೆಯ ಮೂಲಕವೇ ಆಗಬೇಕು. ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ಕೊಡುವುದು 3,000 ಡಾಲರಿನವರೆಗೆ, ಉಳಿದದ್ದು ಕಾರ್ಡಿನಲ್ಲಿ. ನೇಪಾಳ, ಭೂತಾನಕ್ಕೆ ಹೊರಟವರಿಗೆ ಈ ತಾಪತ್ರಯವೇ ಇಲ್ಲ, ಅಲ್ಲಿನ ಪ್ರವಾಸಕ್ಕೆ ವಿದೇಶೀ ಹಣ ಕೊಡುವುದಿಲ್ಲ. ಬಿಲ್ಲಿಲ್ಲದೆ ಅಗ್ಗಕ್ಕೆ ಡಾಲರು ಕೊಡುತ್ತೇನೆನ್ನುವ ಪರಿಚಯಸ್ಥರು ಎಲ್ಲ ಊರಿನಲ್ಲೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ನೋಟು ಖೋಟಾ ಎಂದು ಹೊರದೇಶದಲ್ಲಿ ತಿಳಿದರೆ ಯಾರನ್ನು ಕೇಳುವುದು?

ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ವಿನಿಮಯ ಕೊಳ್ಳುವವರಿಂದ ಮೂಲದಲ್ಲೇ ತೆರಿಗೆ ಹಿಡಿಯುವ ಕ್ರಮವಿದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 7 ಲಕ್ಷವಿತ್ತು. ಟೂರ್ ಕಂಪನಿಯ ಪ್ಯಾಕೇಜು ಕೊಂಡವರಿಗೆ ಬೇರೆಯೇ ಲೆಕ್ಕ, ಆದಕಾರಣ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಹಿಡಿದ ಹಣ ವಾಪಸು ಬರಬೇಕಾದರೆ ರಿಟರ್ನ್ ಸಲ್ಲಿಸಬೇಕು. ಕೃಷಿ ಆದಾಯ ಮಾತ್ರವಿದ್ದು ರಿಟರ್ನ್ ಹಾಕುವ ರೂಢಿಯಿಲ್ಲದ ನಮ್ಮವರು ಇದನ್ನು ಮರೆಯಬಾರದು.

ವಿಯೆಟ್ನಾಮಿನ ಹಣ ಡಾಂಗ್. ನಮ್ಮ ಪೇಟೆಗಳಲ್ಲಿ ಅದು ಸಿಗುವುದಿಲ್ಲ. ಡಾಲರು ಒಯ್ದು ಅಲ್ಲಿ ಬದಲಿಸಬೇಕು, ಎರಡು ಸಲ ಕಡಿತ. ನೂರು ಡಾಲರಿನ ನೋಟಿಗೆ ಚಿಲ್ಲರೆ ನೋಟುಗಳಿಗಿಂತ ಒಳ್ಳೆಯ ದರ ಸಿಕ್ಕಿತು. ಆದರೆ ನೋಟು ಗರಿಗರಿಯಾಗಿರಬೇಕು. ಪೆನ್ನಿನ ಗುರುತಿದ್ದ ನಮ್ಮದೊಂದು ನೋಟನ್ನು ಬ್ಯಾಂಕಿನಾಕೆ ದೀಪಕ್ಕೆ ಹಿಡಿದು ನೋಡಿ, ನಗುತ್ತಲೇ ಹಿಂದಕ್ಕೆ ತಳ್ಳಿದಳು. ಇಲ್ಲಿ ಕೊಳ್ಳುವಾಗಲೇ ಒಂದೊಂದನ್ನೂ ತಿರುವಿ ನೋಡಿ ತೆಗೆದುಕೊಳ್ಳಬೇಕಾಗಿತ್ತು. ಒಂದು ಡಾಲರಿಗೆ 25,000ಕ್ಕೂ ಮೇಲ್ಪಟ್ಟು ಡಾಂಗ್ ಬರುವುದರಿಂದ ಎಲ್ಲರೂ ಕ್ಷಣದಲ್ಲಿ ಲಕ್ಷಾಧೀಶರು. ಅಲ್ಲಿ 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದು ಸುಮಾರು 70 ರೂಪಾಯಿ, ಇನ್ನೊಂದು ಸಾವಿರದ ಏಳುನೂರು. ಬೀದಿಯಲ್ಲಿ ಕಾಫಿ ಕುಡಿದು ನಾವು ದೊಡ್ಡದನ್ನು ಕೊಟ್ಟು ಹೊರಟೇಬಿಟ್ಟಿದ್ದೆವು. ಅಂಗಡಿಯ ಮುದುಕಿ ಹಿಂದೆ ಓಡಿಬಂದು ಕೈಯಲ್ಲಿಟ್ಟಳು.

ಮೋಸ ಹೋದದ್ದು ಹೋಟೆಲಿನಲ್ಲಿ. ಕಾರ್ಡು ಉಜ್ಜಿದಾಗ ಯಂತ್ರವು ರೂಪಾಯಿಯಲ್ಲೋ ಡಾಂಗಿನಲ್ಲೋ ಎಂದು ಕೇಳಿತು. ಪರದೇಶದಲ್ಲಿ ನಮ್ಮ ರೂಪಾಯಿಯ ಹೆಸರು ಕಂಡ ಸಂತೋಷಕ್ಕೆ ಅದನ್ನೇ ಒತ್ತಿದೆವು. ಮನೆಗೆ ಬಂದು ಲೆಕ್ಕ ಹಾಕಿದರೆ ನೂರಕ್ಕೆ ಐದರಷ್ಟು ಹೆಚ್ಚು ಕಡಿದಿತ್ತು. ಆ ದರವನ್ನು ಯಂತ್ರದವರು ತಮ್ಮ ಲಾಭ ಸೇರಿಸಿ ಹಾಕುತ್ತಾರೆ. ಯಾವಾಗಲೂ ಆ ದೇಶದ ಹಣವನ್ನೇ ಒತ್ತಬೇಕು. ಆಗಲೂ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಶೇಕಡಾ 2ರಿಂದ 3.5ರವರೆಗೆ, ಅದರ ಮೇಲೆ ಜಿ.ಎಸ್.ಟಿ.ಯನ್ನೂ ಹಿಡಿಯುತ್ತವೆ. ಹಿಡಿಯದ ಕಾರ್ಡುಗಳೂ ಕೆಲವಿವೆ, ಹೊರಡುವ ಮೊದಲು ವಿಚಾರಿಸಬಹುದು. ಡಾಲರು ತುಂಬಿಸಿದ ಪ್ರಯಾಣದ ಕಾರ್ಡು ಅಮೆರಿಕಕ್ಕೆ ಹೋಗುವವರಿಗೆ ಹೇಳಿಸಿದ್ದು. ಅದನ್ನು ಡಾಂಗಿನಲ್ಲಿ ಉಜ್ಜಿದರೆ ಮತ್ತೊಂದು ಕಡಿತ. ಕಾರ್ಡಿನ ವಿದೇಶೀ ಬಳಕೆಯನ್ನು ತೆರೆಯಲು ಬ್ಯಾಂಕಿಗೆ ಮೊದಲೇ ತಿಳಿಸಬೇಕು. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ.

ಉಳಿದು ಬಂದ ಡಾಲರಿನ ವಿಷಯ. 2,000 ಡಾಲರಿನವರೆಗೆ ಮನೆಯಲ್ಲಿಟ್ಟುಕೊಳ್ಳಬಹುದು. ಅದಕ್ಕೆ ಮೀರಿದ್ದನ್ನು ಬಂದ 180 ದಿನಗಳೊಳಗೆ ಒಪ್ಪಿಸಬೇಕು. 91ಕ್ಕೆ ಮಾರಿದವನೇ 88ಕ್ಕೆ ಕೊಳ್ಳುವುದರಿಂದ, ಮಗಳ ಮನೆಗೆ ಮತ್ತೆ ಹೋಗುವವರು ನೂರಿನ್ನೂರನ್ನು ಹಾಗೇ ಇಟ್ಟುಕೊಳ್ಳುವುದು ಲಾಭ. ಡಾಂಗನ್ನಂತೂ ಇಲ್ಲಿ ಕೊಳ್ಳುವವರಿಲ್ಲ. ಹಿಂತಿರುಗುವ ದಿನ ನಿಲ್ದಾಣದಲ್ಲಿ ಉಳಿದದ್ದಕ್ಕೆಲ್ಲ ಅವರ ಕಾಫಿಪುಡಿ ಕೊಂಡೆವು. ಚಿಕೋರಿಯಿಲ್ಲದೆ ಕುಡಿದರೂ ಬಲು ಕಹಿ. ಜೇಬಿನ ಮೂಲೆಯಲ್ಲಿ ಉಳಿದುಹೋದ ಒಂದು ನೀಲಿ ನೋಟು ಸಂಘದ ಕಚೇರಿಯ ಮೇಜಿನ ಗಾಜಿನಡಿಯಲ್ಲಿದೆ, ಸದಸ್ಯರು ಬಂದು ನೋಡಬಹುದು. ಇಪ್ಪತ್ತು ಸಾವಿರದ್ದು, ಐದು ಲಕ್ಷದ್ದಲ್ಲ.