ಹೊಲದಲ್ಲಿ ಹುದುಗಿರುವ ಯುದ್ಧ

ಪ್ರವಾಸವೆಂದರೆ ಸಾಮಾನ್ಯವಾಗಿ ಗುಡಿ-ಗೋಪುರ, ಜಲಪಾತ, ಸಮುದ್ರತೀರ. ಆದರೆ ಸಾವಿನ ನೆಲವನ್ನು ನೋಡಲೆಂದೇ ಜನ ಹೋಗುವ ಊರುಗಳೂ ಇವೆ. ಬೆಲ್ಜಿಯಂನ ಈಪರ್ ಅಂಥದೊಂದು ಊರು.

ಮೊದಲ ಮಹಾಯುದ್ಧದಲ್ಲಿ (1914-18) ಈ ಊರು ಫಿರಂಗಿಗಳ ದಾಳಿಗೆ ಸಿಕ್ಕಿ ನೆಲಸಮವಾಯಿತು. ಈಗ ಅಲ್ಲಿ ಕಾಣುವ ಬಟ್ಟೆ ಮಾರುಕಟ್ಟೆಯ ಭವ್ಯ ಕಟ್ಟಡ ಯುದ್ಧಾನಂತರ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ್ದು. ಯುದ್ಧ ಮುಗಿದೊಡನೆ ಇಲ್ಲಿಗೆ ಬಂದವರಲ್ಲಿ ಮಗನ, ಗಂಡನ ಸಮಾಧಿ ಹುಡುಕುವ ಬಂಧುಗಳೂ ಇದ್ದರು, ಕುತೂಹಲಿಗಳೂ ಇದ್ದರು. ಫ್ರಾನ್ಸಿನ ಮಿಶೆಲಿನ್ ಟೈರ್ ಕಂಪನಿಯಂತೂ ಯುದ್ಧ ಮುಗಿಯುವ ಮೊದಲೇ, 1917ರಲ್ಲಿ, ರಣಭೂಮಿಗಳ ಸಚಿತ್ರ ಮಾರ್ಗದರ್ಶಿಗಳನ್ನು ಹೊರತರಲು ಆರಂಭಿಸಿತ್ತು.

ವಿಜ್ಞಾನದ ವಿದ್ಯಾರ್ಥಿಗಳು ಈಪರ್ ಹೆಸರನ್ನು ನೆನಪಿಡಲು ಬೇರೆಯೇ ಕಾರಣವಿದೆ. 1915ರ ಏಪ್ರಿಲ್ 22ರ ಸಂಜೆ ಜರ್ಮನ್ ಸೇನೆ ಇಲ್ಲಿ 5,700ಕ್ಕೂ ಹೆಚ್ಚು ಸಿಲಿಂಡರುಗಳಿಂದ ಸುಮಾರು 150 ಟನ್ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ಆ ಹಳದಿ-ಹಸಿರು ಮೋಡ ಮೇಲೇರದೆ, ನೆಲದ ಮೇಲೆ ತೆವಳುತ್ತ ಬಂದು ಕಂದಕಗಳೊಳಕ್ಕೆ ಇಳಿಯಿತು. ಶ್ವಾಸಕೋಶದ ತೇವದೊಡನೆ ಸೇರಿ ಆಮ್ಲವಾಗಿ ಒಳಗಿನಿಂದಲೇ ಸುಟ್ಟಿತು. ಗುಂಡಿನಿಂದ ಪಾರಾಗಲು ತೋಡಿದ ಕಂದಕವೇ ಸೈನಿಕರ ಪಾಲಿಗೆ ಗೋರಿಯಾಯಿತು.

ಈ ದಾಳಿಯ ಉಸ್ತುವಾರಿ ವಹಿಸಿದವನು ರಸಾಯನವಿಜ್ಞಾನಿ ಫ್ರಿಟ್ಸ್ ಹಾಬರ್. ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯ ತಯಾರಿಸುವ ವಿಧಾನ ಕಂಡುಹಿಡಿದು 1918ನೇ ಸಾಲಿನ ನೊಬೆಲ್ ಪಾರಿತೋಷಕ ಪಡೆದವನೂ ಇವನೇ. ಇಂದು ಹೊಲಕ್ಕೆ ಹಾಕುವ ಯೂರಿಯಾದ ಮೂಲ ಆ ಅಮೋನಿಯ. ಕೋಟ್ಯಂತರ ಜನರಿಗೆ ಅನ್ನ ಕೊಟ್ಟ ತಲೆಯೇ ವಿಷದ ಮೋಡವನ್ನೂ ಯೋಜಿಸಿತು.

ಯುದ್ಧ ಮುಗಿದು ನೂರು ವರ್ಷ ದಾಟಿದರೂ ನೆಲ ಅದನ್ನು ಮರೆತಿಲ್ಲ. ಅಂದು ಹಾರಿಸಿದ ಷೆಲ್ಲುಗಳಲ್ಲಿ ಎಷ್ಟೋ ಕೆಸರಿನಲ್ಲಿ ಹೂತು, ಸಿಡಿಯದೆ ಉಳಿದವು. ಅಲ್ಲಿನ ರೈತರು ಉಳುವಾಗ ಇಂದಿಗೂ ಅವು ಮೇಲೆ ಬರುತ್ತವೆ. ಇದಕ್ಕೆ 'ಕಬ್ಬಿಣದ ಸುಗ್ಗಿ' ಎಂದೇ ಹೆಸರು. ರೈತರು ಸುದ್ದಿ ಮುಟ್ಟಿಸಿದರೆ ಬೆಲ್ಜಿಯಂ ಸೇನೆಯ ತಜ್ಞರು ಬಂದು ಒಯ್ಯುತ್ತಾರೆ. ಇಂಥ ಸುಗ್ಗಿ ವರ್ಷಕ್ಕೆ ನೂರು ಟನ್ನಿಗೂ ಮಿಕ್ಕು. ಷೆಲ್ಲಿನ ಹೊರಕವಚ ತುಕ್ಕು ಹಿಡಿದರೂ ಒಳಗಿನ ಸಿಡಿಮದ್ದು ಸಾಯುವುದಿಲ್ಲ. ಕೆಲವು ಷೆಲ್ಲುಗಳಲ್ಲಿ ತುಂಬಿದ್ದ ಪಿಕ್ರಿಕ್ ಆಮ್ಲ ಲೋಹದೊಡನೆ ವರ್ತಿಸಿ, ಸಣ್ಣ ಪೆಟ್ಟಿಗೂ ಸಿಡಿಯುವ ಲವಣಗಳಾಗುತ್ತದೆ. ನೆನಪಿಗೆಂದು ಒಂದು ತುಂಡು ಎತ್ತಿಕೊಳ್ಳುವ ಪ್ರವಾಸಿಯ ಕೈಗೆ ಸಾವೇ ಸಿಗಬಹುದು.

ಫ್ರಾನ್ಸಿನ ವೆರ್ದಾಂ ರಣರಂಗದ ಬಳಿ ಇನ್ನೊಂದು ಬಗೆಯ ಗಾಯವಿದೆ. ಉಳಿದ ರಾಸಾಯನಿಕ ಷೆಲ್ಲುಗಳನ್ನು 1920ರ ದಶಕದಲ್ಲಿ ಅಲ್ಲಿಯ ಕಾಡಿನಲ್ಲಿ ಸುಡಲಾಯಿತು. ಆ ಜಾಗದ ಮಣ್ಣಿನಲ್ಲಿ ಇಂದಿಗೂ ವಿಪರೀತ ಆರ್ಸೆನಿಕ್ ಇದ್ದು, ಸಸ್ಯಗಳು ಬೆಳೆಯುವುದೇ ಕಷ್ಟ.

ಸಾವಿನ ನೆಲವನ್ನು ಹೀಗೆ ನೋಟದ ವಸ್ತುವಾಗಿಸುವುದು ಸರಿಯೆ? ಪ್ರಶ್ನೆ ಹಳೆಯದು. ಉತ್ತರ ನೋಡುವವರ ಮನಸ್ಸಿನಲ್ಲಿದೆ. ಈಪರ್ ಸಮೀಪದ ಟೈನ್ ಕಾಟ್ ಸ್ಮಶಾನದಲ್ಲಿ ಸುಮಾರು 12,000 ಸಮಾಧಿಗಳಿವೆ. 8,000ಕ್ಕೂ ಹೆಚ್ಚಿನವುಗಳಲ್ಲಿ ಮಲಗಿದವರ ಹೆಸರೇ ತಿಳಿಯದು. ಆ ಸಾಲುಗಳ ನಡುವೆ ನಡೆದ ವಿದ್ಯಾರ್ಥಿಗೆ ಪಠ್ಯಪುಸ್ತಕದ ಅಂಕಿ ಬರೀ ಅಂಕಿಯಾಗಿ ಉಳಿಯದು.

ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು ಊರ ಬಾಗಿಲಾದ ಮೆನಿನ್ ಗೇಟಿನ ಮೇಲಿವೆ. ಅವರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಂದಿ ಭಾರತೀಯರು. ಅನಿಲ ದಾಳಿಯಾದ ನಾಲ್ಕೇ ದಿನಕ್ಕೆ, ಏಪ್ರಿಲ್ 26ರಂದು, ಲಾಹೋರ್ ಡಿವಿಷನ್ನಿನ ಭಾರತೀಯ ಸೈನಿಕರು ಇಲ್ಲಿ ಕಾದಾಟಕ್ಕಿಳಿದಿದ್ದರು. ತಮ್ಮದಲ್ಲದ ಯುದ್ಧದಲ್ಲಿ, ಕೇಳರಿಯದ ಅಸ್ತ್ರದ ಮುಂದೆ.

ಆ ಬಾಗಿಲ ಕೆಳಗೆ ಪ್ರತಿ ಸಂಜೆ ಎಂಟಕ್ಕೆ ವಾಹನ ಸಂಚಾರ ನಿಲ್ಲುತ್ತದೆ, ಕಹಳೆ ಮೊಳಗುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ಆಕ್ರಮಣದ ವರ್ಷಗಳನ್ನು ಬಿಟ್ಟರೆ 1928ರಿಂದ ಈ ಪದ್ಧತಿ ನಡೆದುಬಂದಿದೆ. ಕಹಳೆ ನಿಂತ ಮೇಲೆ ಮಾತಿಲ್ಲ. ಊರಾಚೆ, ಹಸಿರು ಹೊಲಗಳ ಕೆಳಗೆ ಷೆಲ್ಲುಗಳು ಇನ್ನೂ ಮಲಗಿವೆ.