ಒಂದು ಲೋಲಕ, ಒಂದು ರೆಕಾರ್ಡ್ ಪುಸ್ತಕ

ಹತ್ತನೆಯ ತರಗತಿಯವರೆಗೆ ವಿಜ್ಞಾನವೆಂಬುದು ಒಂದೇ ವಿಷಯ. ಎಲೆಯ ಹಸಿರು, ಆಮ್ಲದ ಹುಳಿ, ಮಸೂರದ ನಾಭಿ, ಎಲ್ಲವೂ ಒಂದೇ ಪುಸ್ತಕದಲ್ಲಿ ನೆರೆಹೊರೆಯಾಗಿರುವುವು. ಪದವಿಪೂರ್ವ ಕಾಲೇಜಿನ ಹೊಸ್ತಿಲನ್ನು ದಾಟಿದೊಡನೆ ಆ ಮನೆ ಪಾಲಾಗುವುದು: ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಅವುಗಳೊಡನೆ ಜೀವವಿಜ್ಞಾನವೋ ಗಣಕವಿಜ್ಞಾನವೋ. ದೇವದುರ್ಗ, ಮಾನ್ವಿಗಳ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ರಾಯಚೂರಿಗೆ ಬರುವ, ಅದುವರೆಗೆ ಕನ್ನಡದಲ್ಲಿಯೇ ಓದಿದ ವಿದ್ಯಾರ್ಥಿಗಳಿಗೆ ಮಾತೂ ಬದಲಾಗುವುದು. ನಿನ್ನೆಯವರೆಗೆ ‘ಆಂದೋಲನ’ವಾಗಿದ್ದುದು ಇಂದು ‘ಆಸಿಲೇಶನ್’. ಈ ಕಷ್ಟಗಳನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಯಾರೂ ಮಾತಾಡದ ಇನ್ನೊಂದು ಸಂಗತಿಯನ್ನು ನಾವು ಇಲ್ಲಿ ಹೇಳಹೊರಟಿರುವೆವು. ಅದು ಪ್ರಯೋಗಶಾಲೆಯಲ್ಲಿ ನಡೆಯುವ ಒಂದು ಸಣ್ಣ ಸುಳ್ಳು.

ಎರಡನೆಯ ವರ್ಷದ ಪರೀಕ್ಷೆಯಲ್ಲಿ ಭೌತವಿಜ್ಞಾನದ ೧೦೦ ಅಂಕಗಳಲ್ಲಿ ೩೦ ಪ್ರಯೋಗಕ್ಕೆ ಮೀಸಲು. ಆದರೆ ವೃತ್ತಿಶಿಕ್ಷಣದ ಪ್ರವೇಶಪರೀಕ್ಷೆಗಳಲ್ಲಿ ಯಾರೂ ಲೋಲಕವನ್ನು ತೂಗಹಾಕಿ ತೋರಿಸಬೇಕಾಗಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಸಾಕು. ಆದುದರಿಂದ ಪ್ರಯೋಗವು ಹಲವರಿಗೆ ರೆಕಾರ್ಡ್ ಪುಸ್ತಕ ತುಂಬಿಸುವ ಕೆಲಸವಾಗಿಬಿಟ್ಟಿದೆ. ಸರಳ ಲೋಲಕದ ಪ್ರಯೋಗವನ್ನೇ ನೋಡಿರಿ. ದಾರದ ತುದಿಗೆ ಲೋಹದ ಗುಂಡನ್ನು ಕಟ್ಟಿ, ಉದ್ದವನ್ನು ಅಳೆದು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಸ್ಟಾಪ್‌ವಾಚಿನಿಂದ ಗುರುತಿಸಬೇಕು. ಒಂದು ಆಂದೋಲನದ ಕಾಲವು ತಿಳಿದರೆ, ಪೈ ವರ್ಗದ ನಾಲ್ಕು ಪಟ್ಟನ್ನು ಉದ್ದದಿಂದ ಗುಣಿಸಿ, ಆ ಕಾಲದ ವರ್ಗದಿಂದ ಭಾಗಿಸಿದಾಗ ಗುರುತ್ವ ವೇಗೋತ್ಕರ್ಷವು ದೊರೆಯುವುದು. ಪುಸ್ತಕದಲ್ಲಿ ಅದರ ಬೆಲೆ ಸೆಕೆಂಡಿನ ವರ್ಗಕ್ಕೆ ೯.೮ ಮೀಟರ್ ಎಂದಿದೆ. ಜಾಣ ವಿದ್ಯಾರ್ಥಿಯು ಮೊದಲು ಕೊನೆಯ ಸಾಲಿನಲ್ಲಿ ೯.೮ ಎಂದು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕಹಾಕುತ್ತಾ ಕಾಲದ ಅಳತೆಗಳನ್ನು ‘ಪಡೆಯುವನು’. ನಾವೂ ವಿದ್ಯಾರ್ಥಿಗಳಾಗಿದ್ದಾಗ ಹೀಗೆಯೇ ಮಾಡಿ ಪೂರ್ಣಾಂಕ ಪಡೆದವರು! ಆ ದಿನ ಲೋಲಕವು ನಮಗೆ ಏನನ್ನೂ ಹೇಳಲಿಲ್ಲ. ನಾವೇ ಅದಕ್ಕೆ ಹೇಳಿಕೊಟ್ಟೆವು.

ಅಳತೆಯು ನಿರೀಕ್ಷೆಗೆ ಹೊಂದದಿದ್ದಾಗ ತಿದ್ದದೆ ಉಳಿಸಿದವರೂ ಇದ್ದರು. ೧೬೭೨ರಲ್ಲಿ ಜ್ಯಾಂ ರಿಷೆ ಎಂಬ ಫ್ರೆಂಚ್ ಖಗೋಳಜ್ಞನು ದಕ್ಷಿಣ ಅಮೆರಿಕದಲ್ಲಿ, ಭೂಮಧ್ಯರೇಖೆಗೆ ಹತ್ತಿರದ ಕಾಯೆನ್ ಎಂಬಲ್ಲಿಗೆ ಹೋದನು. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುವಂತೆ ಹೊಂದಿಸಿದ ಲೋಲಕದ ಗಡಿಯಾರವು ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅದನ್ನು ಸರಿಪಡಿಸಲು ಸುಮಾರು ಒಂದು ಮೀಟರ್ ಉದ್ದದ ಲೋಲಕವನ್ನು ೨.೮ ಮಿಲಿಮೀಟರಿನಷ್ಟು ಮೊಟಕು ಮಾಡಬೇಕಾಯಿತು. ಅಲ್ಲಿನ ಸೆಕೆಗೆ ಲೋಹ ಹಿಗ್ಗಿರಬಹುದೆಂದು ನೀವು ಹೇಳಬಹುದು. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ಆ ಊಹೆ ಸಹಜವೇ ಸರಿ. ಲೆಕ್ಕಹಾಕಿ ನೋಡೋಣ: ಒಂದು ಮೀಟರಿನ ಕಬ್ಬಿಣದ ಸಲಾಕೆಯು ೨೦ ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೂ ಹಿಗ್ಗುವುದು ಕಾಲು ಮಿಲಿಮೀಟರ್ ಮಾತ್ರ. ಬಿಸಿಲಿಗೆ ಆ ಅಪರಾಧವನ್ನು ಹೊರಿಸಲಾಗದು. ಭೂಮಧ್ಯರೇಖೆಯ ಬಳಿ ಗುರುತ್ವವೇ ತುಸು ಕಡಮೆ. ಭೂಮಿಯು ತಿರುಗುತ್ತಿರುವುದೂ, ಅದರಿಂದಲೇ ನಡುವಿನಲ್ಲಿ ಉಬ್ಬಿರುವುದೂ ಇದಕ್ಕೆ ಕಾರಣ. ೧೬೮೭ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ನನು ಭೂಮಿಯ ಆಕಾರವನ್ನು ವಿಚಾರಿಸುವಾಗ ರಿಷೆಯ ಈ ಅಳತೆಯನ್ನು ಬಳಸಿಕೊಂಡನು.

ಗುರುತ್ವ ವೇಗೋತ್ಕರ್ಷವು ಭೂಮಧ್ಯರೇಖೆಯಲ್ಲಿ ೯.೭೮, ಧ್ರುವಗಳಲ್ಲಿ ೯.೮೩. ರಾಯಚೂರು ಇರುವುದು ಸುಮಾರು ೧೬ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೦೦ ಮೀಟರ್ ಎತ್ತರದಲ್ಲಿ. ಇವೆರಡನ್ನೂ ಗಣನೆಗೆ ತೆಗೆದುಕೊಂಡರೆ ನಮ್ಮೂರಿನ ಬೆಲೆ ೯.೭೮ ಎಂದು ಬರುವುದು. ಎಂದರೆ, ೯.೮೧ ಬರಲೇಬೇಕೆಂದು ಹಟಹಿಡಿದು ಅಂಕಿಗಳನ್ನು ಜೋಡಿಸುವವನು ಶ್ರಮಪಟ್ಟು ತಪ್ಪು ಉತ್ತರವನ್ನು ಸಂಪಾದಿಸುವನು!

ಕೆಲವು ಕಾಲದ ಹಿಂದೆ ದೇವದುರ್ಗದ ಕಡೆಯ ಒಬ್ಬ ವಿದ್ಯಾರ್ಥಿನಿಯು ನಮ್ಮ ಬಳಿಗೆ ಬಂದು, “ಎಷ್ಟ್ ಸಲ ಮಾಡಿದ್ರೂ ಇಷ್ಟೇ ಬರ್ತದ್ರಿ ಸರ್” ಎಂದು ಪುಸ್ತಕವನ್ನು ಚಾಚಿದಳು. ಅದರಲ್ಲಿ ೯.೬೯ ಎಂದಿತ್ತು. ಪಕ್ಕದ ಮೇಜಿನವರೆಲ್ಲರಿಗೂ ೯.೮ ಬಂದಾಗಿತ್ತು. ಈಕೆ ಇಪ್ಪತ್ತರ ಬದಲು ಐವತ್ತು ಆಂದೋಲನಗಳನ್ನು ಎಣಿಸಿದ್ದಳು; ೧೦೦.೪ ಸೆಕೆಂಡು. ಇದು ಸಣ್ಣ ವಿಷಯವಲ್ಲ. ಸ್ಟಾಪ್‌ವಾಚನ್ನು ಒತ್ತುವ ಕೈ ಐದರಲ್ಲಿ ಒಂದು ಸೆಕೆಂಡಿನಷ್ಟು ತಪ್ಪಿದರೆ, ಇಪ್ಪತ್ತು ಆಂದೋಲನಗಳ ಲೆಕ್ಕದಲ್ಲಿ ಉತ್ತರವು ೦.೧ರಷ್ಟು ಆಚೀಚೆಯಾಗುವುದು, ಐವತ್ತು ಎಣಿಸಿದಾಗ ೦.೦೪ರಷ್ಟು ಮಾತ್ರ. ೯.೬೯ಕ್ಕೆ ಅಷ್ಟನ್ನು ಕೂಡಿಸಿದರೂ ೯.೭೩. ಹಾಗಾದರೆ ತಪ್ಪು ಕಾಲದಲ್ಲಿ ಇಲ್ಲ, ಬೇರೆ ಎಲ್ಲಿಯೋ ಇರಬೇಕು. ಇಪ್ಪತ್ತನ್ನೇ ಎಣಿಸಿ ನಿಲ್ಲಿಸಿದ್ದರೆ ಅದು ಕೈಯ ತಪ್ಪಿನಲ್ಲಿಯೇ ಅಡಗಿಹೋಗುತ್ತಿತ್ತು.

ಪಂಖವನ್ನು ನಿಲ್ಲಿಸಿ, ಬೆವರುತ್ತಾ ಮತ್ತೊಮ್ಮೆ ಅಳೆಯಲು ಹೇಳಿದೆವು. ಕಾಲವು ಅಷ್ಟೇ ಬಂದಿತು. ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದೆಯೆಂದು ಕೇಳಿದಾಗ, ದಾರವನ್ನು ಕಟ್ಟಿದ ಕಡೆಯಿಂದ ಗುಂಡಿನ ನೆತ್ತಿಯವರೆಗೆ ಬೆರಳಿಟ್ಟು ತೋರಿಸಿದಳು; ೯೯ ಸೆಂಟಿಮೀಟರ್. ಅಷ್ಟರಲ್ಲಿ ಅವಳ ಬೆರಳೇ ನಿಂತಿತು. ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಎಣಿಸಬೇಕಲ್ಲವೆ? ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆದಾಗ ಗುಂಡಿನ ವ್ಯಾಸ ೨ ಸೆಂಟಿಮೀಟರ್. ತ್ರಿಜ್ಯದ ಒಂದು ಸೆಂಟಿಮೀಟರನ್ನು ಕೂಡಿಸಿದಾಗ ಉತ್ತರ ೯.೭೯ ಆಯಿತು. ೦.೦೪ರ ಸಂದೇಹವನ್ನು ಜೊತೆಗಿಟ್ಟುಕೊಂಡರೆ ನಮ್ಮೂರಿನ ೯.೭೮ ಅದರೊಳಗೆ ಅಡಕವಾಗಿದೆ. ಪುಸ್ತಕದ ೯.೮ ಕೂಡ ಅಡಕವಾಗಿದೆ. ಎರಡರಲ್ಲಿ ಯಾವುದೆಂದು ನಿಶ್ಚಯಿಸಲು ಆ ದಾರಕ್ಕೂ ಆ ಸ್ಟಾಪ್‌ವಾಚಿಗೂ ಶಕ್ತಿ ಸಾಲದು. ಅದನ್ನೂ ಬರೆದಿಡೆಂದು ಹೇಳಿದೆವು.

ಹಳೆಯ ೯.೬೯ನ್ನು ಹೊಂದಿದ ಹಾಳೆಯನ್ನು ಹರಿದುಬಿಡಲೇ ಎಂದು ಅವಳು ಕೇಳಿದಳು. ಬೇಡವೆಂದು ಹೇಳಿ, ಎರಡು ಹಾಳೆಗಳಿಗೂ ಸಹಿ ಹಾಕಿ ಕೊಟ್ಟೆವು. ಮರುವಾರ ಪಕ್ಕದ ಮೇಜಿನ ಇಬ್ಬರು ಬಂದು, ಐವತ್ತಲ್ಲ, ನೂರನ್ನೇ ಎಣಿಸಬಹುದೇ ಎಂದು ವಿಚಾರಿಸಿದರು.