ಸಂಬಳದ ಕೆಲಸ, ಸಂಘದ ಕೆಲಸ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರ ಹುಡುಗರು ಸೇರಿ ಒಂದು ನಾಟಕದ ಸಂಘ ಕಟ್ಟಿದರು. ಹೆಸರು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅವರಲ್ಲೊಬ್ಬರಾದ ಕೆ.ವಿ. ಸುಬ್ಬಣ್ಣನವರಿಗೆ ಆಗ 17 ವರ್ಷ. ಅಂಥ ಸಂಘಗಳು ಮಲೆನಾಡಿಗೆ ಹೊಸತಾಗಿರಲಿಲ್ಲ. ವರ್ಷಕ್ಕೊಂದು ನಾಟಕ ಆಡಿ, ನಾಲ್ಕಾರು ವರ್ಷ ಮೆರೆದು, ಮುಖ್ಯ ಪಾತ್ರಧಾರಿಗೆ ಮದುವೆಯಾದ ಮೇಲೋ ನೌಕರಿ ಸಿಕ್ಕ ಮೇಲೋ ಸದ್ದಿಲ್ಲದೆ ಮುಚ್ಚಿಹೋದವು ಎಷ್ಟೋ. ಇದು ಮಾತ್ರ ನೀನಾಸಮ್ ಎಂಬ ಮೊಟಕು ಹೆಸರಿನಲ್ಲಿ ಏಳು ದಶಕ ದಾಟಿ ಬಂದಿದೆ. ಉಳಿದದ್ದು ಹೇಗೆ ಎಂದು ಕೇಳಿದರೆ ಊರಿನವರ ಪ್ರೀತಿ, ಸುಬ್ಬಣ್ಣನವರ ದೊಡ್ಡತನ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡೂ ಸುಳ್ಳಲ್ಲ. ಆದರೆ ನನಗೆ ಕಾಣುವ ಕಾರಣ ಇನ್ನಷ್ಟು ನೆಲಮಟ್ಟದ್ದು: ಹೆಸರಿನಲ್ಲಿರುವ ‘ಸೇವಾ’ ಎಂಬ ಪದ ಎಷ್ಟು ಭಾರ ಹೊರಬಲ್ಲದು, ಎಲ್ಲಿ ಕುಸಿಯುತ್ತದೆ ಎಂಬುದನ್ನು ಈ ಸಂಘ ಬೇಗ ಗುರುತಿಸಿತು.

ಸಂಘಗಳು ಸೊರಗಿದಾಗ ‘ಆರಂಭಶೂರತ್ವ’ ಎಂದು ಮೂದಲಿಸುವುದು ನಮ್ಮಲ್ಲಿ ರೂಢಿ. ಆ ಮೂದಲಿಕೆಗೆ ಅಡಿಕೆ ತೋಟದ ಲೆಕ್ಕ ಗೊತ್ತಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಹೊಡೆಯಬೇಕು. ಮಳೆ ಹಿಂದಾದ ಮೇಲೆ ಕೊನೆ ಕೊಯ್ಲು, ರಾತ್ರಿಯಿಡೀ ಸುಲಿತ, ಬೇಯಿಸಿ ಒಣಗಿಸುವ ಗಡಿಬಿಡಿ. ಕೊಯ್ಲಿನ ದಿನ ತಾಲೀಮಿಗೆ ಬರಲಿಲ್ಲವೆಂದು ಯಾರನ್ನೂ ದೂರುವಂತಿಲ್ಲ. ಹಾಗಿದ್ದೂ ಪಾತ್ರ ಮಾಡಲು ಜನರ ಕೊರತೆ ಬೀಳುವುದು ಕಡಿಮೆ, ಏಕೆಂದರೆ ಬಣ್ಣ ಹಚ್ಚುವುದರಲ್ಲಿ ಸುಖವಿದೆ, ಊರಿನ ಕಣ್ಣಿದೆ. ಕೊರತೆ ಬೀಳುವುದು ಪರದೆಯ ಹಿಂದಿನ ಕೆಲಸಕ್ಕೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ 7 ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಆಮೇಲೆ ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಆ ಏಳು ಜನರಲ್ಲಿ ಆರು ಜನ ನಾಟಕಕ್ಕೆಂದು ಬಂದವರು. ಉಳಿದ ಒಬ್ಬರ ತಲೆಯ ಮೇಲೆ ರಸೀತಿ ಪುಸ್ತಕ, ನಡವಳಿ ಪುಸ್ತಕ, ಮೈಕಿನವನ ಬಾಕಿ, ಶಾಮಿಯಾನದವನ ಜಗಳ ಎಲ್ಲವೂ ಕೂರುತ್ತದೆ. ಚಪ್ಪಾಳೆಯಲ್ಲಿ ಅವರಿಗೆ ಪಾಲಿಲ್ಲ, ಲೆಕ್ಕ ತಪ್ಪಿದರೆ ಅನುಮಾನ ಮಾತ್ರ ಅವರ ಮೇಲೆ. ಅವರು ಕೈಬಿಟ್ಟ ದಿನ ಸಂಘ ಮುಗಿಯಿತು. ಹೀಗಾಗಿ ಸ್ವಯಂಸೇವೆಯ ಕಷ್ಟ ಉತ್ಸಾಹದ ಅಭಾವವಲ್ಲ, ಉತ್ಸಾಹದಿಂದ ಆಗಲಾರದ ಕೆಲಸವನ್ನೂ ಉತ್ಸಾಹದ ಹೆಗಲಿಗೇ ಹಾಕುವುದು ಎಂದು ನನ್ನ ವಾದ.

ನೀನಾಸಮ್‌ನ ನಡೆಯನ್ನು ಈ ಬೆಳಕಿನಲ್ಲಿ ನೋಡಬಹುದು. ಮೊದಲ ಮೂರು ದಶಕ ಅದು ಬಹುಮಟ್ಟಿಗೆ ಹವ್ಯಾಸಿಗಳ ಸಂಘವೇ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು, ಮರುವರ್ಷ ಚಿತ್ರಸಮಾಜ ಆರಂಭವಾಯಿತು. ಕುರೊಸಾವಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ನೋಡಿದರು. ಇಷ್ಟು ಬಿಡುವಿನ ವೇಳೆಯಲ್ಲಿ ಸಾಧ್ಯ. ಆದರೆ ರಂಗಭೂಮಿಯನ್ನು ಹೊಸ ತಲೆಮಾರಿಗೆ ಕಲಿಸಬೇಕೆಂದಾಗ ಬಿಡುವಿನ ವೇಳೆ ಸಾಲದಾಯಿತು. 1980ರಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರ ಬೇರೆಯೇ ಜಾಯಮಾನದ್ದು: ಪಠ್ಯಕ್ರಮ, ವೇಳಾಪಟ್ಟಿ, ಪ್ರತಿದಿನ ಪಾಠ ಮಾಡುವ ಮೇಷ್ಟ್ರುಗಳು. 1983ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕೈಗೊಂಡ ‘ಜನಸ್ಪಂದನ’ ನಾಟಕ ಮತ್ತು ಸಿನಿಮಾ ಶಿಬಿರಗಳನ್ನು ರಾಜ್ಯದ ಊರೂರಿಗೆ ಒಯ್ದಿತು. ಅದೊಂದು ಯೋಜನೆ, ಯೋಜನೆಗೆ ಅವಧಿಯಿರುತ್ತದೆ, ಹಣ ಮುಗಿದರೆ ಕೆಲಸವೂ ಮುಗಿಯುತ್ತದೆ. 1985ರ ‘ತಿರುಗಾಟ’ ಹಾಗಲ್ಲ. ತರಬೇತಾದ ನಟರು, ತಂತ್ರಜ್ಞರು ಸಂಬಳಕ್ಕೆ ದುಡಿಯುವ ರೆಪರ್ಟರಿ ಅದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ನಾಟಕ ಕಟ್ಟಿ, ದೀಪ, ಪರಿಕರ, ವೇಷಗಳ ಸಮೇತ ತಿಂಗಳುಗಟ್ಟಲೆ ಸುತ್ತುತ್ತದೆ. ನಟರೇ ಸಾಮಾನು ಇಳಿಸಿ ರಂಗ ಸಜ್ಜುಮಾಡಿ, ರಾತ್ರಿ ಅದನ್ನೇ ಬಿಚ್ಚಿ ತುಂಬುತ್ತಾರೆ. ಹವ್ಯಾಸಿ ಎಷ್ಟೇ ಪ್ರತಿಭಾವಂತನಾಗಿರಲಿ, ತೋಟ ಬಿಟ್ಟು ಇಷ್ಟು ದಿನ ಹೊರಗಿರಲಾರ. ಅಂಥದ್ದನ್ನು ಅವನಿಂದ ನಿರೀಕ್ಷಿಸದೇ ಇದ್ದದ್ದು ಜಾಣತನ.

ಸಂಬಳ ಬಂದ ಕಡೆ ಸೇವೆಯ ಭಾವ ಹೋಗುತ್ತದೆ, ನಾಟಕ ಆಡುತ್ತಿದ್ದ ಊರು ಬರೀ ನೋಡುವ ಊರಾಗುತ್ತದೆ ಎಂಬ ಆಕ್ಷೇಪವಿದೆ. ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಪಳಗಿದವರ ನಾಟಕ ನೋಡಿದ ಮೇಲೆ ತಾನು ರಂಗಕ್ಕೇರಲು ಹಿಂಜರಿಯುವವರು ಇದ್ದೇ ಇರುತ್ತಾರೆ. ಆದರೆ ಹೆಗ್ಗೋಡಿನಲ್ಲಿ ಊರವರ ತಂಡ ಶಿಕ್ಷಣ ಕೇಂದ್ರದಲ್ಲಿ ಕರಗಿಹೋಗಲಿಲ್ಲ; ನೀನಾಸಮ್ ಬಳಗ ಎಂಬ ಹೆಸರಿನಲ್ಲಿ ಅಲ್ಲಿನವರು ತಮ್ಮ ನಾಟಕವನ್ನು ತಾವೇ ಆಡುತ್ತ ಬಂದರು. ಕಲಿಸುವ, ಅಲೆದಾಡುವ ಹೊರೆ ಬೇರೆಡೆಗೆ ಹೋದದ್ದರಿಂದ ಹವ್ಯಾಸಕ್ಕೆ ಉಸಿರಾಡಲು ಜಾಗ ಸಿಕ್ಕಿತು ಎಂದೇ ನಾನು ಓದುತ್ತೇನೆ. ಇನ್ನೊಂದು ಆಕ್ಷೇಪ ಇನ್ನೂ ಮೊನಚು: ಸುಬ್ಬಣ್ಣನಂಥವರು ಇಲ್ಲದ ಊರಿಗೆ ಈ ಪಾಠದಿಂದ ಏನು ಪ್ರಯೋಜನ? 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅವರು 2005ರಲ್ಲಿ ತೀರಿಕೊಂಡರು. ತರಗತಿಗಳೂ ತಿರುಗಾಟವೂ ಮುಂದುವರಿದವು. ವ್ಯಕ್ತಿಯ ಮೇಲೆ ಮಾತ್ರ ನಿಂತ ಸಂಘಕ್ಕೆ ಇದು ಆಗದ ಮಾತು. ಮಗ ಕೆ.ವಿ. ಅಕ್ಷರ ಜವಾಬ್ದಾರಿ ಹೊತ್ತರು, ಅದು ಮನೆತನದ ಬಲ ಎನ್ನಬಹುದು. ಒಪ್ಪುತ್ತೇನೆ. ಅವರು ರಂಗಭೂಮಿಯನ್ನೇ ಓದಿಕೊಂಡು ಬಂದ ನಿರ್ದೇಶಕರು ಎಂಬುದು ಆ ಬಲವನ್ನು ಸಮರ್ಥಿಸುತ್ತದೆಯೇ ಹೊರತು ಅಳಿಸುವುದಿಲ್ಲ. ನಮ್ಮ ಸಂಘಗಳಲ್ಲಿ ಮನೆಯಾಚೆಗೆ ಹೊಣೆ ದಾಟಿಸುವ ಕಲೆ ಇನ್ನೂ ಕಚ್ಚಾ.

ಸಂಬಳ ಸೇವೆಗಳ ಈ ಹಂಚಿಕೆಯಲ್ಲೂ ಬಗೆಹರಿಯದ ಒಂದು ಗಂಟಿದೆ. ತಿರುಗಾಟ ಒಂದು ಊರಿಗೆ ಬರಬೇಕಾದರೆ ಅಲ್ಲೊಂದು ಸಂಘವೋ ಗೆಳೆಯರ ಗುಂಪೋ ಕಾಲೇಜೋ ಕರೆಯಬೇಕು. ಸಭಾಂಗಣ ಹಿಡಿಯಬೇಕು, ತಂಡಕ್ಕೆ ಊಟ ವಸತಿ ನೋಡಬೇಕು, ಮನೆಮನೆಗೆ ಹೋಗಿ ಟಿಕೆಟ್ ಮಾರಬೇಕು, ಕರೆಂಟು ಹೋದರೆ ಜನರೇಟರ್ ತರಿಸಬೇಕು. ನಟರಿಗೆ ಸಂಬಳವುಂಟು, ಸಂಘಟಕರಿಗಿಲ್ಲ. ಹೆಗ್ಗೋಡಿನಲ್ಲಿ ಇಳಿಸಿದ ಭಾರ ಒಂದರ್ಥದಲ್ಲಿ ಊರೂರಿನ ಈ ಒಬ್ಬೊಬ್ಬರಿಗೆ ಹಂಚಿಹೋಗಿದೆ. ಹಿಂದೆ ಈ ಕೆಲಸಕ್ಕೆ ಊರಲ್ಲೇ ನೆಲೆಸಿದ ಮೇಷ್ಟ್ರೋ ಬ್ಯಾಂಕಿನವರೋ ಒದಗುತ್ತಿದ್ದರು. ಓದಿದ ಮಕ್ಕಳು ಬೆಂಗಳೂರು ಸೇರಿರುವಾಗ ಆ ಜಾಗಕ್ಕೆ ಯಾರು? ಇದಕ್ಕೆ ಅನುದಾನ ಕೊಡಿ ಎನ್ನುವವರಿದ್ದಾರೆ. ಅನುದಾನದಿಂದ ಸಭಾಂಗಣದ ಬಾಡಿಗೆ ತೀರೀತು. ಆದರೆ ಟಿಕೆಟ್ ಕೊಳ್ಳುವವರು ಮಾರಲು ಬಂದವರ ಮುಖ ನೋಡಿ ಕೊಳ್ಳುತ್ತಾರೆ. ಈ ವರ್ಷ ಯಾವ ನಾಟಕ ಎಂದು ಕೇಳುವುದು ಚಿಲ್ಲರೆ ಎಣಿಸಿ ಕೊಟ್ಟ ಮೇಲೆ.